ಬಾಯಿ ಮುಚ್ಚಿ ನಗುವವರು

ನನ್ನ ಮದುವೆಯ ಆಲ್ಬಮ್ಮಿನಲ್ಲಿ ನನ್ನ ಹಲ್ಲು ಕಾಣುವ ಒಂದು ಫೋಟೋ ಕೂಡ ಇಲ್ಲ. ಅಕ್ಷತೆ ಬೀಳುವಾಗಲೂ, ಗೆಳತಿಯರು ಕಿಚಾಯಿಸುವಾಗಲೂ, ಎಲೆಯ ಮುಂದೆ ಕೂತು ಗಂಡನಿಗೆ ಹೋಳಿಗೆ ತಿನ್ನಿಸುವಾಗಲೂ ತುಟಿ ಬಿಗಿಹಿಡಿದೇ ನಕ್ಕಿದ್ದೇನೆ. ನೋಡಿದವರು ಹುಡುಗಿ ಬಲು ಗಂಭೀರ ಅಂದುಕೊಂಡರು. ಗಂಭೀರವೂ ಇಲ್ಲ, ಮಣ್ಣೂ ಇಲ್ಲ. ಗದಗ ಜಿಲ್ಲೆಯ ನಮ್ಮ ಊರಿನಲ್ಲಿ ಹೆಣ್ಣುಮಕ್ಕಳೆಲ್ಲ ನಗುತ್ತಿದ್ದದ್ದೇ ಹಾಗೆ. ತುಟಿ ಮುಚ್ಚಿ, ಇಲ್ಲವೇ ಸೆರಗು ಅಡ್ಡ ಹಿಡಿದು, ಅದೂ ಇಲ್ಲದಿದ್ದರೆ ಅಂಗೈ ಅಡ್ಡ ಹಿಡಿದು.

ನಮ್ಮ ಓಣಿಯ ತುದಿಯಲ್ಲಿ ಒಂದು ಕೈಪಂಪು ಇತ್ತು. ಕೆರೆಯ ನೀರು ಕುಡಿದು ಮಕ್ಕಳು ವಾಂತಿಭೇದಿಯಲ್ಲಿ ಸಾಯುತ್ತಿದ್ದ ಕಾಲದಲ್ಲಿ ಕೊರೆಸಿದ್ದು. ಅದರಿಂದ ನೀರು ಬಂದ ದಿನ ಓಣಿಯವರೆಲ್ಲ ಕಾಯಿ ಒಡೆದಿದ್ದರಂತೆ. ತಿಳಿಯಾದ, ತಣ್ಣನೆಯ, ವಾಸನೆಯಿಲ್ಲದ ನೀರು. ಅದನ್ನು ಕುಡಿದು ಬೆಳೆದ ನಮ್ಮ ಹಲ್ಲುಗಳ ಮೇಲೆ ಮೊದಲು ಸುಣ್ಣದಂಥ ಬಿಳಿ ಗೆರೆ ಬಂತು, ಆಮೇಲೆ ಹಳದಿ, ಆಮೇಲೆ ಚಹಾದ ಕಲೆಯಂಥ ಕಂದು. ಹಲ್ಲುಜ್ಜದ ಗಲೀಜು ಮಕ್ಕಳೆಂದು ಮಾಸ್ತರರು ನಮ್ಮನ್ನು ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದರು. ನಾನು ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಹಾಕಿ ಒಸಡಿನಲ್ಲಿ ರಕ್ತ ಬರುವ ತನಕ ಉಜ್ಜಿದ್ದೇನೆ. ಅಜ್ಜಿಗೆ ಕೊನೆಕೊನೆಗೆ ಕುತ್ತಿಗೆ ಬಗ್ಗುತ್ತಿರಲಿಲ್ಲ, ಬೆನ್ನು ಹಲಗೆಯಾಗಿ ಹೋಗಿತ್ತು. ದೇವರಿಗೆ ನಮಸ್ಕಾರ ಮಾಡಲೂ ಅವಳು ನಿಂತೇ ಕೈ ಮುಗಿಯಬೇಕಾಗಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಸರಕಾರದವರು ಬಂದು ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಹೇಳಿ, ಪಂಪಿನ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದು ಹೋದರು. ಕುಡಿಯಲು ಯೋಗ್ಯವಾದದ್ದು ಎಲ್ಲಿದೆ ಎಂದು ಬರೆಯಲಿಲ್ಲ. ನಾವು ಅದನ್ನೇ ಕುಡಿದೆವು.

ನನ್ನ ಅಕ್ಕನನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದಾಗ, ಅವರ ಜೊತೆ ಬಂದಿದ್ದ ಕೂಸು ಉಪ್ಪಿಟ್ಟಿನ ತಟ್ಟೆಯನ್ನು ತಲೆಗೆ ಮಗುಚಿಕೊಂಡಿತು. ಅಕ್ಕ ಎಲ್ಲ ಮರೆತು ಜೋರಾಗಿ ನಕ್ಕುಬಿಟ್ಟಳು. ಸಂಬಂಧ ಅಲ್ಲಿಗೇ ಮುರಿಯಿತು. ಆಮೇಲೆ ಅವಳನ್ನು ನಮ್ಮೂರಿನ, ಅದೇ ಬೋರಿನ ನೀರು ಕುಡಿದ ಹುಡುಗನಿಗೇ ಕೊಟ್ಟರು. ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಮುಚ್ಚಿಡುವುದೇನೂ ಇರಲಿಲ್ಲ. ಆದರೂ ಅಕ್ಕನ ಸೆರಗು ಬಾಯಿಂದ ಕೆಳಗಿಳಿಯಲಿಲ್ಲ.

ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ನನ್ನ ಹಲ್ಲುಗಳಿಗೆ ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿ ಒಬ್ಬ ಡೆಂಟಿಸ್ಟ್ ಪಿಂಗಾಣಿ ಹೊದಿಕೆ ಹಾಕಿದ. ಅಷ್ಟು ಹೊತ್ತಿಗೆ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಹೊರಬಂದು ಕಾರಿನ ಕನ್ನಡಿಯಲ್ಲಿ ಹಲ್ಲು ಕಿಸಿದು ನೋಡಿಕೊಂಡೆ. ಯಾರದೋ ಬಾಯಿ. ನಗು ಬಂದಾಗ ಕೈ ಮಾತ್ರ ತನ್ನಷ್ಟಕ್ಕೆ ತಾನೇ ಮೇಲೇಳುವುದು ಇವತ್ತಿಗೂ ನಿಂತಿಲ್ಲ.

ಎರಡು ಸಾವಿರದ ಹತ್ತರ ದಶಕದ ಶುರುವಿನಲ್ಲಿ ನಾವು ಅಲ್ಲೇ ಹತ್ತಿರದ ಲಿಟಲ್ ಎಲ್ಮ್‌ನ ಹೊಸ ಬಡಾವಣೆಗೆ ಶಿಫ್ಟ್ ಆದೆವು. ಪಕ್ಕದ ಮನೆಯಲ್ಲಿ ಒಬ್ಬ ಬಿಳಿ ಹೆಂಗಸು ಒಂಟಿಯಾಗಿದ್ದರು, ನಿವೃತ್ತ ಶಾಲಾ ಶಿಕ್ಷಕಿ. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ. ಆಂಟಿ ಎಂದೆ. ಅವರಿಗೆ ಅದು ಇಷ್ಟವಾಯಿತು. ಅವರ ಒಬ್ಬಳೇ ಮಗಳು ನರ್ಸ್ ಆಗಿ, ಅವರ ಚರ್ಚಿನ ವತಿಯಿಂದ ಪೂರ್ವ ಆಫ್ರಿಕಾದ ಒಂದು ಕಣಿವೆಯ ಹಳ್ಳಿಗೆ ಹೋಗಿ, ಅಲ್ಲಿ ಚಿಕ್ಕ ಆಸ್ಪತ್ರೆ ನಡೆಸುತ್ತಿದ್ದವಳು. ಹೊಳೆಯ ನೀರು ಕುಡಿದು ಮಕ್ಕಳು ಭೇದಿಯಲ್ಲಿ ಸಾಯುವುದನ್ನು ನೋಡಲಾರದೆ ಚರ್ಚಿನ ಬೆನ್ನು ಹತ್ತಿ ಬೋರ್ ಕೊರೆಸಿದವಳೂ ಅವಳೇ. ಅಲ್ಲಿಯೇ ಜೀಪ್ ಮಗುಚಿ ಸತ್ತಳು. ಸಾಯುವ ಸ್ವಲ್ಪ ಮುಂಚೆ ಅವಳ ಕೈಯಲ್ಲಿ ಹುಟ್ಟಿದ ಒಂದು ಹೆಣ್ಣುಕೂಸಿಗೆ ಹಳ್ಳಿಯವರು ಅವಳ ಹೆಸರನ್ನೇ ಇಟ್ಟರು. ಆ ಕೂಸಿನ ಫೋಟೋ ವರ್ಷವರ್ಷ ಕ್ರಿಸ್‌ಮಸ್ ಹೊತ್ತಿಗೆ ಬರುತ್ತಿತ್ತು. ಆಂಟಿಯ ಫ್ರಿಜ್ಜಿನ ಬಾಗಿಲಿನ ಮೇಲೆ ಮಗಳ ಫೋಟೋ ಇರಲಿಲ್ಲ, ಆ ಕೂಸಿನದು ಇತ್ತು.

ಆಂಟಿಗೆ ಕಣ್ಣಿನ ಆಪರೇಷನ್ ಆಗಿ ಡ್ರೈವ್ ಮಾಡುವುದು ನಿಂತಾಗ ಶನಿವಾರ ಅವರನ್ನು ಚರ್ಚಿಗೆ ಬಿಟ್ಟುಬರುವ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ. ಬಿಟ್ಟು ಬರುವವಳು ಆಮೇಲೆ ಅಲ್ಲೇ ಕೂತು ಬ್ಯಾಂಡೇಜು, ಗ್ಲೌಸು ಬೇರೆಬೇರೆ ಮಾಡಿ ಡಬ್ಬಿಗೆ ತುಂಬುವವಳಾದೆ. ಅದೆಲ್ಲ ಆ ಆಸ್ಪತ್ರೆಗೆ ಹೋಗುವ ಸಾಮಾನು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಒಬ್ಬ ಆಂಟಿ, ನಮ್ಮ ಕಡೆಯ ಆಂಟಿ, ನನ್ನ ಕಿವಿಯ ಹತ್ತಿರ ಬಂದು “ಕನ್ವರ್ಟ್ ಆಗಿದೀರಂತೆ ಹೌದಾ?” ಎಂದರು. “ಆಗಿದ್ರೆ ಹೋಳಿಗೆ ಬಡಿಸಲ್ವಾ?” ಎಂದೆ. ಗಂಡ ಧಾರವಾಡದವರು, ಅವರ ವರಸೆಯೇ ಬೇರೆ. “ಅವರ ದೇವರು, ಅವರ ಆಸ್ಪತ್ರಿ. ನಡುವ ನಿನಗ್ಯಾಕ ಬೇಕ?” ಎನ್ನುತ್ತಲೇ ಭಾರದ ಡಬ್ಬಿ ಎತ್ತಲು ಬರುತ್ತಿದ್ದರು.

ಒಂದು ಶನಿವಾರ ಚರ್ಚಿನ ಹಾಲ್‌ನ ಉದ್ದ ಮೇಜುಗಳ ಮೇಲೆ ಟೂತ್ ಬ್ರಷ್ಷು, ಪೇಸ್ಟು ರಾಶಿ ಬಿದ್ದಿದ್ದವು. ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ಒಂದು ಬ್ರಷ್, ಒಂದು ಪೇಸ್ಟ್, ಯೇಸುವಿನ ಚಿತ್ರವಿರುವ ಒಂದು ಕಾರ್ಡ್. “ಪಾಪ, ಆ ಮಕ್ಕಳಿಗೆ ಹಲ್ಲುಜ್ಜುವ ಅಭ್ಯಾಸವೇ ಇಲ್ಲ. ಕಳೆದ ಬೇಸಿಗೆಯಲ್ಲಿ ಹೋದಾಗ ನೋಡಿದೆವು, ಹಲ್ಲು ಎಷ್ಟು ಕೊಳೆಯಾಗಿವೆ ಅಂದರೆ...” ಎಂದು ಮೇಲ್ವಿಚಾರಣೆಯ ಹೆಂಗಸು ಹೇಳುತ್ತಿದ್ದರು. ನನ್ನ ಕೈಯಲ್ಲಿದ್ದ ಬ್ರಷ್ ಅಲ್ಲಿಯೇ ನಿಂತಿತು. ಎದುರು ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಹಳ್ಳಿಯ ಫೋಟೋಗಳು ಒಂದಾದ ಮೇಲೊಂದು ಬರುತ್ತಿದ್ದವು. ಬೋರ್ ಕೊರೆಸಿದ ವರ್ಷದ ಫೋಟೋದಲ್ಲಿ ಕೈಪಂಪಿನ ಸುತ್ತ ಮಕ್ಕಳು, ಎಲ್ಲರ ಬಾಯೂ ಕಿವಿಯ ತನಕ. ಅದಾಗಿ ಹತ್ತು ವರ್ಷದ ಮೇಲಿನ ಫೋಟೋದಲ್ಲಿ ಅದೇ ಪಂಪು, ಬೇರೆ ಮಕ್ಕಳು. ಕೆಲವು ಗಂಡುಹುಡುಗರ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ. ಹಿಂದೆ ನಿಂತ ಹೆಣ್ಣುಮಕ್ಕಳು ಒಬ್ಬೊಬ್ಬರೂ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

“ದೊಡ್ಡವರಾದ ಹಾಗೆ ನಾಚಿಕೆ ಜಾಸ್ತಿ ಅವಕ್ಕೆ” ಎಂದು ಆ ಹೆಂಗಸು ನಕ್ಕರು. ಸಮುದ್ರದಾಚೆಯ ಆ ಹುಡುಗಿಯರನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ ಎನ್ನಿಸಿತು. ನಮ್ಮ ಓಣಿಯೇ ಆ ಗೋಡೆಯ ಮೇಲೆ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿಯೇ ಆಂಟಿಗೆ ಹೇಳಿದೆ. ನೀರಿನಲ್ಲಿ ಫ್ಲೋರೈಡ್ ಇದ್ದಿರಬೇಕು, ಉಜ್ಜಿದರೆ ಹೋಗುವಂಥದ್ದಲ್ಲ, ಹಲ್ಲಿನ ನಂತರ ಅದು ಮೂಳೆಗೆ ಇಳಿಯುತ್ತದೆ ಎಂದೆ.

“ನನ್ನ ಮಗಳೂ ಅದೇ ನೀರು ಕುಡಿಯುತ್ತಿದ್ದಳು. ಅವಳ ಹಲ್ಲಿಗೇನೂ ಆಗಲಿಲ್ಲ” ಎಂದರು ಆಂಟಿ.

“ದೊಡ್ಡವರ ಹಲ್ಲಿಗೆ ಆಗುವುದಿಲ್ಲ ಆಂಟಿ. ಅದನ್ನು ಕುಡಿದು ಬೆಳೆಯುವವರಿಗೆ ಆಗುತ್ತದೆ.”

“ನೀನು ಅಲ್ಲಿಗೆ ಹೋದವಳೇ ಅಲ್ಲ” ಎಂದರು. ಇಳಿಯುವಾಗ ಕಾರಿನ ಬಾಗಿಲನ್ನು ಬಡಿದು ಹಾಕಿದರು. ಆಮೇಲೆ ಕೆಲವು ದಿನ ಅವರು ಅಂಗಳದಲ್ಲಿ ನನ್ನನ್ನು ಕಂಡರೂ ಕೈ ಬೀಸಲಿಲ್ಲ. ನನಗೂ ಸಿಟ್ಟು ಬಂದಿತ್ತು. ಇದ್ದದ್ದು ಹೇಳಿದರೆ ಎದ್ದು ಹೋಗುವವರ ಜೊತೆ ನನಗೇನು ಎಂದು ನಾನೂ ಮುಖ ತಿರುಗಿಸಿಕೊಂಡೇ ಓಡಾಡಿದೆ.

ಒಂದು ಭಾನುವಾರ ಬೆಳಿಗ್ಗೆ ಅವರೇ ಬಾಗಿಲು ತಟ್ಟಿದರು. ಕೈಯಲ್ಲಿ ಫ್ರಿಜ್ಜಿನ ಮೇಲಿನ ಫೋಟೋ. ಎರಡು ವರ್ಷದ ಕೂಸು, ಅಕ್ಕಿಕಾಳಿನಂಥ ಬಿಳಿ ಹಾಲುಹಲ್ಲು, ಪೂರ್ತಿ ಬಾಯಿ ತೆರೆದ ನಗು. “ನೀನು ಆ ಥರದ ನೀರು ಕುಡಿದು ಬೆಳೆದೆ ಅನ್ನುತ್ತೀ. ನಿನ್ನ ಹಲ್ಲು ನನ್ನವಕ್ಕಿಂತ ಬಿಳಿ ಇವೆ. ನಾನು ಹೇಗೆ ನಂಬಲಿ?” ಎಂದು ಕೇಳಿದರು. ದನಿಯಲ್ಲಿ ಜಗಳ ಇರಲಿಲ್ಲ, ಸುಳ್ಳು ಅಂತ ಹೇಳು ಎನ್ನುವ ಬೇಡಿಕೆ ಇತ್ತು.

ತೋರಿಸಲು ನನ್ನ ಬಳಿ ಏನಿದೆ? ಫೋಟೋಗಳಲ್ಲಿ ಹಲ್ಲಿಲ್ಲ, ಬಾಯಲ್ಲಿ ಪಿಂಗಾಣಿ. ಊರಲ್ಲಿ ಸಂಜೆಯಾಗಿರುವ ಹೊತ್ತು. ಲ್ಯಾಪ್‌ಟಾಪ್ ತೆಗೆದು ಸ್ಕೈಪಿನಲ್ಲಿ ಅಕ್ಕನನ್ನು ಕರೆದೆ. ಅವಳ ಮಗಳು ಕಂಪ್ಯೂಟರ್ ಹಚ್ಚಿಕೊಟ್ಟು ಹೋದಳು. ಅಕ್ಕ ಎಂದಿನಂತೆ ಸೆರಗಿನ ಅಂಚನ್ನು ಮೂಗಿನ ಕೆಳಗೆ ಹಿಡಿದೇ ಕೂತಿದ್ದಳು. ವಿಷಯ ಹೇಳಿದೆ.

“ಅಲ್ಲ ಹುಚ್ಚಿ, ನನ್ನ ಹಲ್ಲೇನ ಪ್ರದರ್ಶನಕ್ಕ ಇಟ್ಟಾರೇನ?” ಎಂದು ಅಕ್ಕ ಉರಿದುಬಿದ್ದಳು. “ನನ್ನ ಮಗಳ ಗೆಳತ್ಯಾರ ಮುಂದೂ ನಾ ಬಾಯಿ ತಗಿಯೂದಿಲ್ಲ. ಯಾವಾಕಿನೋ ಅಮೆರಿಕಾದಾಕಿಗೆ ತೋರಸಂತೀಯಲ್ಲ, ನಾಚಿಕಿ ಬರೂದಿಲ್ಲೇನ ನಿನಗ?”

“ಅಕ್ಕಾ, ಅಲ್ಲಿ ಒಂದು ಕೂಸೈತಿ. ಎರಡು ವರ್ಸದ್ದು. ಹಾಲಹಲ್ಲ ಇನ್ನೂ ಬೆಳ್ಳಗದಾವ. ಇವರು ನಂಬಿದ್ರ ಅದರ ಹಲ್ಲರೆ ಉಳದಾವು.”

ಅಕ್ಕ “ಹೆಣ್ಣೇನ?” ಎಂದಳು.

“ಹೆಣ್ಣ.”

ಸೆರಗು ಕೆಳಗಿಳಿಯಿತು. ಅಕ್ಕ ಕ್ಯಾಮೆರಾದ ಹತ್ತಿರ ಬಂದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಾಯಿ ತೆರೆದಳು. ಅವಳ ಹಲ್ಲುಗಳನ್ನು ನಾನೇ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಂದು, ಕಪ್ಪು, ಅಲ್ಲಲ್ಲಿ ಚಕ್ಕೆ ಎದ್ದು ಗುಳಿ ಬಿದ್ದವು. ಆಂಟಿ ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು, ಶಿಕ್ಷಕಿಯ ಹಾಗೆ ಮೊದಲು ಪರೀಕ್ಷಿಸಿ ನೋಡಿದರು. ಆಮೇಲೆ “ಥ್ಯಾಂಕ್ ಯೂ” ಎಂದರು, ಎದ್ದು ನಮ್ಮ ಅಡಿಗೆಮನೆಯ ಸಿಂಕಿನ ಮುಂದೆ ಹೋಗಿ ನಿಂತುಬಿಟ್ಟರು.

“ನೋಡಿದಳೇನ?” ಎಂದು ಅಕ್ಕ ಕಣ್ಣು ತೆರೆದು ಕೇಳಿದಳು. ಸೆರಗು ಮೇಲಕ್ಕೆ ಹೋಗಲಿಲ್ಲ. ಅವತ್ತಿನಿಂದ ಅಕ್ಕ ನನ್ನ ಜೊತೆ ವಿಡಿಯೋದಲ್ಲಿ ಮಾತಾಡುವಾಗ ಬಾಯಿಗೆ ಏನೂ ಅಡ್ಡ ಹಿಡಿಯುತ್ತಿರಲಿಲ್ಲ. ಅವಳು ಜೋರಾಗಿ ನಗುವುದನ್ನು ನಾನು ಉಪ್ಪಿಟ್ಟಿನ ತಟ್ಟೆಯ ದಿನದ ನಂತರ ಕೇಳಿದ್ದು ಆಗಲೇ. ಫೋನ್ ಇಡುವ ಮುಂಚೆ ಪ್ರತಿ ಸಲವೂ “ಆ ಹುಡುಗಿ ಹೆಂಗದಾಳ?” ಎಂದು ವಿಚಾರಿಸುತ್ತಿದ್ದಳು.

ಆಂಟಿ ನಂಬಿದ ಮೇಲೆ ಚರ್ಚನ್ನು ನಂಬಿಸುವ ಕೆಲಸ ಅವರದೇ ಆಯಿತು. ಪಾಸ್ಟರ್ ಒಳ್ಳೆಯ ಮನುಷ್ಯ, ಅದನ್ನು ಇಲ್ಲವೆನ್ನಲಾರೆ. “ನೀರನ್ನು ಪರೀಕ್ಷೆ ಮಾಡಿಸಿಯೇ ಕೊಟ್ಟಿದ್ದೇವೆ. ಒಂದು ಕ್ರಿಮಿಯೂ ಇಲ್ಲ. ಬೋರ್ ಬಂದ ಮೇಲೆ ಭೇದಿಯಲ್ಲಿ ಸಾಯುವ ಮಕ್ಕಳು ಎಷ್ಟು ಕಡಿಮೆಯಾದರು ಗೊತ್ತೇ?” ಎಂದರು. ಅದೂ ಸುಳ್ಳಲ್ಲ. ಕ್ರಿಮಿ ಹುಡುಕಿದ್ದರು, ಕ್ರಿಮಿ ಇರಲಿಲ್ಲ. ಹುಡುಕದೇ ಇದ್ದದ್ದು ಸಿಕ್ಕಿರಲಿಲ್ಲ, ಅಷ್ಟೇ. ಆ ಬೇಸಿಗೆ ಚರ್ಚಿನಿಂದ ಹಳ್ಳಿಗೆ ಹೋದ ತಂಡದವರು ಬಾಟಲಿಯಲ್ಲಿ ನೀರು ತಂದರು. ಆಸ್ಟಿನ್‌ನಲ್ಲಿ ಕುಡಿಯುವ ನೀರಿನ ಮೇಲೆ ಸಂಶೋಧನೆ ಮಾಡುವ ಒಬ್ಬರು ಪರೀಕ್ಷಿಸಿ ಕೊಡಲು ಒಪ್ಪಿದರು. ಫಲಿತಾಂಶ ಫೋನಿನಲ್ಲಿ ಬೇಡ, ಎದುರು ಕೂತು ಕೇಳಬೇಕು ಎಂದು ಆಂಟಿ ಹಟ ಹಿಡಿದದ್ದರಿಂದ ಐ-35 ಹೆದ್ದಾರಿಯಲ್ಲಿ ಅವರನ್ನು ಕೂರಿಸಿಕೊಂಡು ಹೋದೆ. ದಾರಿಯ ಬೇಕರಿಯಲ್ಲಿ ಕೊಂಡ ಕೊಲಾಚಿ ಬನ್ನುಗಳನ್ನು ಇಬ್ಬರೂ ತಿನ್ನಲಿಲ್ಲ, ಅವು ಡ್ಯಾಶ್‌ಬೋರ್ಡಿನ ಮೇಲೆಯೇ ಒಣಗಿದವು.

ಫ್ಲೋರೈಡ್ ಇರಬಹುದಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಕುದಿಸಿದರೆ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಆ ಸಂಶೋಧಕರು ವಿವರಿಸಿದರು. ದನದ ಮೂಳೆಯನ್ನು ಸುಟ್ಟು ಮಾಡಿದ ಕರಿಯ, ಅಂದರೆ ಮೂಳೆಯ ಇದ್ದಿಲಿನ, ಮೂಲಕ ನೀರನ್ನು ಹಾಯಿಸಿದರೆ ಅದು ಫ್ಲೋರೈಡನ್ನು ಹೀರಿಕೊಳ್ಳುತ್ತದೆ, ಆದರೆ ಹೀರುವ ಶಕ್ತಿ ಮುಗಿದ ಮೇಲೆ ಕರಿಯನ್ನು ಬದಲಿಸಲೇಬೇಕು ಎಂದರು. “ಮುಗಿದದ್ದು ನಾಲಿಗೆಗೆ ಗೊತ್ತಾಗುವುದಿಲ್ಲ, ಕಣ್ಣಿಗೂ ಗೊತ್ತಾಗುವುದಿಲ್ಲ. ಯಾರಾದರೂ ಒಬ್ಬರು ಅದನ್ನು ತಮ್ಮ ಕೆಲಸ ಅಂದುಕೊಂಡು ನೋಡುತ್ತಿರಬೇಕು.” ಹಾಲುಹಲ್ಲಿನ ಜಾಗಕ್ಕೆ ಬರುವ ಎದುರಿನ ಕಾಯಂ ಹಲ್ಲುಗಳು ಹೊರಗೆ ಕಾಣುವ ಬಹಳ ಮುಂಚೆ, ನಾಲ್ಕೈದು ವರ್ಷದ ಒಳಗೇ, ಒಸಡಿನೊಳಗೆ ತಯಾರಾಗಿಬಿಡುತ್ತವೆ ಎಂದೂ ಹೇಳಿದರು. ಆಂಟಿ ಆಗ ಕೂಸಿನ ಫೋಟೋ ನೋಡುತ್ತಿದ್ದರು. ಆ ಕೊನೆಯ ಮಾತು ಅವರಿಗೆ ಕೇಳಿಸಿತೋ ಇಲ್ಲವೋ, ನಾನು ಕೇಳಲಿಲ್ಲ.

ಬೋರನ್ನು ಮುಚ್ಚಿಬಿಡಿ ಎಂದು ಆಂಟಿ ಚರ್ಚಿನ ಸಭೆಯಲ್ಲಿ ಎದ್ದು ನಿಂತು ಕೂಗಿದರು. ಮಗಳ ಹೆಸರು ಕೆತ್ತಿದ ಕಲ್ಲು ಆ ಪಂಪಿನ ಕಟ್ಟೆಯಲ್ಲಿತ್ತು. ಅದನ್ನು ಕಿತ್ತುಹಾಕಿ ಎಂದರು. ಪಾಸ್ಟರ್ ಆಗ ಹಳ್ಳಿಯ ಆಸ್ಪತ್ರೆಯಲ್ಲಿದ್ದ ಅಲ್ಲಿಯವಳೇ ಆದ ನರ್ಸನ್ನು ಫೋನಿನಲ್ಲಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಮಾಡಿದರು. ಆಕೆ ಸಮಾಧಾನದಿಂದಲೇ ಮಾತಾಡಿದಳು. “ಮುಚ್ಚಿದರೆ ಹೆಂಗಸರು ನಾಳೆಯೇ ಹೊಳೆಗೆ ಹೋಗುತ್ತಾರೆ. ಹೊಳೆ ಮಕ್ಕಳನ್ನೇ ತಿನ್ನುತ್ತದೆ. ಬೋರು ಹಲ್ಲನ್ನು ತಿನ್ನುತ್ತದೆ. ಹಲ್ಲು ಹೋದ ಮಗು ಬದುಕಿರುತ್ತದಲ್ಲ.” ನಮ್ಮೂರಿನ ಪಂಪಿನ ಕೆಂಪು ಅಕ್ಷರಗಳು ನನಗೆ ನೆನಪಾದವು. ಅವತ್ತು ನಮಗೂ ಬೇರೆ ನೀರಿರಲಿಲ್ಲ, ಹೀಗೆ ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಕಡೆಗೆ ಫಿಲ್ಟರ್ ಕಳಿಸುವುದೆಂದಾಯಿತು. ದೊಡ್ಡ ತೊಟ್ಟಿ, ಅದಕ್ಕೆ ತುಂಬುವ ಕರಿ, ಮುಂದೆ ಬದಲಿಸಲು ಬೇಕಾಗುವ ಕರಿಯ ಡ್ರಮ್ಮುಗಳು, ಜೊತೆಗೆ ಔಷಧಿ. ಹ್ಯೂಸ್ಟನ್ ಬಂದರಿನ ಹತ್ತಿರದ ಗೋದಾಮಿನಲ್ಲಿ ಕಂಟೇನರ್ ತುಂಬಬೇಕಿತ್ತು. ನಾನೂ ಗಂಡನೂ ಎರಡು ದಿನ ರಜೆ ಹಾಕಿ ಹೋದೆವು. ಮೂಳೆಯ ಕರಿ ಹಿಟ್ಟಿನಷ್ಟು ನುಣುಪು. ಡ್ರಮ್ಮಿಗೆ ಸುರಿದು, ಮುಚ್ಚಳ ಬಡಿದು, ಸುತ್ತ ನಾನೇ ಹಳದಿ ಟೇಪ್ ಸುತ್ತಿದೆ. ಮೂಗು, ಕಿವಿ, ಉಗುರು ಎಲ್ಲ ಕಪ್ಪಾದವು. “ಲಿಂಗಾಯತರ ಮಗಳು ಟೆಕ್ಸಾಸಿಗೆ ಬಂದು ದನದ ಎಲಬಿನ ಪುಡಿ ತುಂಬಾಕತ್ತೀಯಲ್ಲ, ನಿಮ್ಮಪ್ಪಗ ಫೋನ್ ಮಾಡ್ಲೇನ?” ಎಂದು ಗಂಡ ಕಾಡಿದರು. ಅವರ ಮೀಸೆಯೂ ಕಪ್ಪಾಗಿ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಮರುದಿನ ಹತ್ತಿರದ ಪೇರ್ಲ್ಯಾಂಡಿನ ದೇವಿಯ ದೇವಸ್ಥಾನಕ್ಕೆ ಹೋಗುವ ಮುಂಚೆ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಹಾಗೆಯೇ ಕೈ ಮುಗಿದು ಆ ಹುಡುಗಿಯ ಹಲ್ಲು ಚೆನ್ನಾಗಿ ಬರಲಿ ಎಂದು ಕೇಳಿಕೊಂಡೆ. ಅಂಥ ಬೇಡಿಕೆಯನ್ನು ಆ ದೇವಿ ಮೊದಲ ಸಲ ಕೇಳಿರಬೇಕು.

ಕಂಟೇನರ್ ಅಲ್ಲಿಯ ಬಂದರಿನಲ್ಲಿ ತಿಂಗಳುಗಟ್ಟಲೆ ಕೂತು, ಕೊನೆಗೆ ಹಳ್ಳಿ ಮುಟ್ಟಿತು. ಔಷಧಿಗಳಲ್ಲಿ ಅರ್ಧ ಅವಧಿ ಮೀರಿದ್ದವು. ಫಿಲ್ಟರ್ ಮಾತ್ರ ಸರಿಯಾಗಿ ನಿಂತಿತು, ನೀರು ಪರೀಕ್ಷೆಯಲ್ಲಿ ಪಾಸಾಯಿತು. ಆಂಟಿ ಅವತ್ತು ಪೀಕನ್ ಪೈ ಮಾಡಿ ತಂದರು. ಅಕ್ಕನಿಗೆ ಫೋನ್ ಮಾಡಿದೆ. “ಹಂಗಾದ್ರ ಆಕಿ ಗೆದ್ದಳು ಬಿಡು” ಎಂದು ನಕ್ಕಳು, ಹಲ್ಲೆಲ್ಲ ಕಾಣುವ ಹಾಗೆ.

ಆದರೆ ಆ ಚರ್ಚಿನ ಪದ್ಧತಿ ಒಂದಿತ್ತು. ಪ್ರತಿ ಬೇಸಿಗೆ ಹೊಸ ತಂಡ ಹೋಗಬೇಕು. ಹೊಸ ತಂಡಕ್ಕೆ ಹೊಸ ಬಣ್ಣದ ಟೀ ಶರ್ಟ್, ಹೊಸ ಕೆಲಸ. ಒಂದು ವರ್ಷ ಶಾಲೆಯ ಗೋಡೆ, ಒಂದು ವರ್ಷ ಆಟದ ಜಾರುಬಂಡೆ, ಇನ್ನೊಂದು ವರ್ಷ ಕಣ್ಣಿನ ಶಿಬಿರ. ಹೋದವರು ಮನಃಪೂರ್ವಕವಾಗಿ ದುಡಿದು, ಅಳುತ್ತ ವಾಪಸು ಬರುತ್ತಿದ್ದರು. ಹಿಂದಿನ ವರ್ಷದವರು ಬಿಟ್ಟುಬಂದದ್ದನ್ನು ನೋಡಿಕೊಳ್ಳುವುದು ಯಾವ ವರ್ಷದ ಕೆಲಸವೂ ಆಗಿರಲಿಲ್ಲ. ಈಗಾಗಲೇ ಇರುವುದನ್ನು ಹಾಗೇ ಇಡುವುದಕ್ಕೆ ಯಾರು ಟೀ ಶರ್ಟ್ ಮಾಡಿಸುತ್ತಾರೆ? ಕರಿ ಬದಲಿಸಿದಿರಾ ಎಂದು ನಾನು ಪ್ರತಿ ಸಲ ಕೇಳಿದಾಗಲೂ ಈ ಸಲದ ತಂಡಕ್ಕೆ ಹೇಳಿದ್ದೇವೆ ಎಂಬ ಉತ್ತರ ಬರುತ್ತಿತ್ತು.

ಹೇಳಿದ್ದು ನಿಜ. ಆ ಬೇಸಿಗೆಯ ತಂಡ ಮರಳಿದ ಮೇಲೆ ಹಾಲ್‌ನಲ್ಲಿ ಫೋಟೋ ಹಾಕಿದರು. ಫಿಲ್ಟರಿನ ತೊಟ್ಟಿಗೆ ಆಕಾಶದ ನೀಲಿ ಬಳಿದಿದ್ದರು. ಅದರ ಮೇಲೆ ಹಳ್ಳಿಯ ಮಕ್ಕಳ ಅಂಗೈಗಳನ್ನು ಬಿಳಿ ಬಣ್ಣದಲ್ಲಿ ಅದ್ದಿ ಒತ್ತಿಸಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನೋಡಿದ್ದು ಬೇರೆ. ಎತ್ತರದಲ್ಲಿ ಬಣ್ಣ ಬಳಿಯಲು ಒಬ್ಬ ಯುವತಿ ಒಂದು ಡ್ರಮ್ಮಿನ ಮೇಲೆ ಹತ್ತಿ ನಿಂತಿದ್ದಳು. ಡ್ರಮ್ಮಿನ ಸುತ್ತ ಹಳದಿ ಟೇಪ್. ನಾನು ಹ್ಯೂಸ್ಟನ್ನಿನಲ್ಲಿ ಸುತ್ತಿದ್ದು, ಸುತ್ತಿದ ಹಾಗೇ ಇತ್ತು.

ನಾನು ಎದ್ದು ನಿಂತೆ. ಆ ಹಾಲ್‌ನಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಮಾತಾಡಿರಲಿಕ್ಕಿಲ್ಲ. “ಅದನ್ನು ಒಳಗೆ ಹಾಕಬೇಕಿತ್ತು! ಮೇಲೆ ಹತ್ತಿ ನಿಲ್ಲುವುದಕ್ಕಲ್ಲ!” ಎಂದೆ. ಆ ಯುವತಿ ಅಲ್ಲಿಯೇ ಇದ್ದಳು, ಬಿಕ್ಕಿಬಿಕ್ಕಿ ಅತ್ತಳು. ಫಿಲ್ಟರ್ ನೋಡಿಕೊಳ್ಳಿ ಎಂದಿದ್ದರು, ತುಕ್ಕು ಹಿಡಿಯದಂತೆ ಬಣ್ಣ ಬಳಿದೆವು ಎಂದಳು. ಅವಳ ತಪ್ಪು ಎನ್ನುವುದಕ್ಕೂ ನನಗೆ ಬಾಯಿ ಬರಲಿಲ್ಲ. ಹಳ್ಳಿಯ ನರ್ಸು ಏನು ಮಾಡುತ್ತಿದ್ದಳು ಎಂದು ಯಾರೋ ಕೇಳಿದರು. ಬೀಗ ಹಾಕಿದ ಕೋಣೆಯಲ್ಲಿದ್ದದ್ದು ಅಮೆರಿಕದವರ ಸಾಮಾನು, ಅವರು ಬಂದಾಗ ಅವರೇ ತೆಗೆಯುತ್ತಾರೆ ಎಂದು ಆಕೆ ಕಾದಿದ್ದಳು. ಪಾಸ್ಟರ್ ಮುಂದಿನ ಬೇಸಿಗೆಗೆ ತಾವೇ ಹೋಗುವುದಾಗಿ ಮಾತು ಕೊಟ್ಟರು. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಆ ಕಡೆ ಗಲಭೆ ಎದ್ದು ಪ್ರಯಾಣ ನಿಂತಿತು. ಚರ್ಚು ಬೇರೊಂದು ದೇಶ ಆರಿಸಿಕೊಂಡಿತು. ಆ ವರ್ಷದ ಟೀ ಶರ್ಟ್ ಕಿತ್ತಳೆ ಬಣ್ಣದ್ದು.

ನಾನು ಚರ್ಚಿಗೆ ಹೋಗುವುದನ್ನು ಬಿಟ್ಟೆ. ಫೋನಿನಲ್ಲಿ ಹೇಳಿಯಾದರೂ ಡ್ರಮ್ಮು ಒಡೆಸಬಹುದು ಎಂದು ಆಂಟಿ ತಾವೇ ನರ್ಸಿಗೆ ಕರೆಮಾಡುತ್ತ ಕೂತರು. ಸಿಕ್ಕಾಗ ಹೇಳಿದರು. ಅವಳು ಒಡೆದಳು, ತುಂಬಿದಳು ಕೂಡ. ಅಷ್ಟರಲ್ಲಿ ಫಿಲ್ಟರ್ ಬರೀ ನೀಲಿ ಬಣ್ಣದ ತೊಟ್ಟಿಯಾಗಿ ಎಷ್ಟೋ ಕಾಲವಾಗಿತ್ತು, ಆ ಹುಡುಗಿಗೆ ಐದು ದಾಟಿತ್ತು.

ಫೋಟೋ ಮಾತ್ರ ತಪ್ಪದೆ ಬರುತ್ತಿತ್ತು. ಒಂದು ಕ್ರಿಸ್‌ಮಸ್‌ಗೆ ಬಂದದ್ದರಲ್ಲಿ ಮುಂದಿನ ಹಾಲುಹಲ್ಲು ಬಿದ್ದು, ಬಾಯ ನಡುವೆ ಕಿಟಕಿ ತೆರೆದಂತಿತ್ತು. ಆ ಕಿಟಕಿಯಿಂದಲೇ ನಕ್ಕಿದ್ದಳು, ಕಣ್ಣು ಮುಚ್ಚಿಹೋಗುವಷ್ಟು. ಆಂಟಿ ಅದನ್ನು ಹಿಡಿದುಕೊಂಡು ಬೇಲಿಯ ಹತ್ತಿರ ಓಡಿ ಬಂದರು. “ಇನ್ನೂ ಬಂದಿಲ್ಲ ನೋಡು! ಈಗ ಕರಿ ಬದಲಿಸಿದ್ದಾರೆ. ಚೆನ್ನಾಗಿಯೇ ಬರುತ್ತವೆ, ಅಲ್ಲವೇ?” ಎಂದರು. ಆ ಒಸಡಿನೊಳಗೆ ಏನು ಕೂತಿದೆ ಎಂದು ನನಗೆ ಗೊತ್ತಿತ್ತು. ಸಂಶೋಧಕರು ಹೇಳಿದ ಮಾತನ್ನು ಮತ್ತೆ ಹೇಳಿದೆ. ಅವರು ಫೋಟೋವನ್ನು ಸ್ವೆಟರಿನ ಒಳಗಿಟ್ಟುಕೊಂಡು, “ದೇವರು ದೊಡ್ಡವನು” ಎಂದು ಒಳಗೆ ಹೋದರು. ನಾನೂ ಅಷ್ಟನ್ನೇ ಅಂದುಕೊಂಡೆ, ನಂಬಿಕೆ ಇರಲಿಲ್ಲ.

ಅದರ ಮುಂದಿನ ಕ್ರಿಸ್‌ಮಸ್‌ನಲ್ಲಿ ಆಂಟಿ ಓಡಿ ಬರಲಿಲ್ಲ. ನಾನೇ ಹೋದೆ. ಹೊಸ ಫೋಟೋ ಫ್ರಿಜ್ಜಿನ ಮೇಲೆ ಹಳೆಯವುಗಳ ಸಾಲಿನಲ್ಲಿತ್ತು. ಹುಡುಗಿ ಎತ್ತರವಾಗಿದ್ದಳು, ಆಂಟಿಯ ಮಗಳ ಹೆಸರಿನ ಕಲ್ಲಿನ ಪಕ್ಕ ನಿಂತಿದ್ದಳು, ಹೊಸ ಹಳದಿ ಅಂಗಿ. ಕಣ್ಣುಗಳು ನಗುತ್ತಿದ್ದವು. ಬಾಯಿಯ ಮೇಲೆ ಅಂಗೈ.

“ಚರ್ಚಿನವರು ಇದನ್ನು ವಾರಪತ್ರದಲ್ಲಿ ಹಾಕುತ್ತಾರಂತೆ. ಎಂಥ ನಾಚಿಕೆಯ ಮುದ್ದು ಹುಡುಗಿ ಅಂದರು” ಎಂದರು ಆಂಟಿ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. “ಹಾಗೆ ಕೈ ಅಡ್ಡ ಹಿಡಿಯುವುದನ್ನು ಅವಳಿಗೆ ಯಾರು ಕಲಿಸಿದರು?”

“ಯಾರೂ ಕಲಿಸುವುದಿಲ್ಲ ಆಂಟಿ” ಎಂದೆ.

ಆ ಭಾನುವಾರ ವಾಟ್ಸಾಪಿನಲ್ಲಿ ಅಕ್ಕ ಬಂದಳು. ಊರಿನ ಸುದ್ದಿ, ಮಗಳಿಗೆ ಗಂಡು ನೋಡುವ ಸುದ್ದಿ ಎಲ್ಲ ಆಯಿತು. ನಗುನಗುತ್ತಲೇ ಮಾತಾಡುತ್ತಿದ್ದಳು. ಅವಳು ಕೇಳದೇ ಇರಲಿ ಎಂದು ನಾನು ಮಾತು ಬೆಳೆಸುತ್ತ ಹೋದೆ. ಆದರೂ ಫೋನ್ ಇಡುವ ಮುಂಚೆ ಕೇಳಿಯೇ ಬಿಟ್ಟಳು.

“ಆ ಹುಡುಗಿದು ಫೋಟೋ ಬಂತೇನ? ಹಲ್ಲ ಹೆಂಗ ಬಂದಾವ?”

ಅಕ್ಕನ ಮುಂದೆ ನನಗೆ ಸುಳ್ಳು ಹೇಳಲು ಬರುವುದಿಲ್ಲ. “ಕಾಣಂಗಿಲ್ಲ ಅಕ್ಕಾ. ಕೈ ಅಡ್ಡ ಹಿಡದಾಳ” ಎಂದೆ.

ಪರದೆಯಲ್ಲಿ ಅಕ್ಕನ ಮುಖ ನಿಂತುಹೋದಂತೆ ಕಂಡು ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ.

“ಹಂಗಾದ್ರ ನಾ ಅವತ್ತ ಬಾಯಿ ತಗದದ್ದು ಸುಮ್ಮನ ಆತಲ್ಲವಾ” ಎಂದಳು.

ಇಲ್ಲ ಅಕ್ಕಾ, ಹಾಗಲ್ಲ ಎಂದು ಏನೇನೋ ಹೇಳತೊಡಗಿದೆ. ಅಕ್ಕ ಕೇಳುತ್ತಲೇ ಇದ್ದಳು. ಕೇಳುತ್ತಿದ್ದವಳ ಕೈ ಹೆಗಲ ಕಡೆ ಹೋಯಿತು, ಸೆರಗಿನ ಅಂಚನ್ನು ಹಿಡಿದು ಮೂಗಿನ ಕೆಳಗೆ ತಂದುಕೊಂಡಳು. ಅದು ಅಲ್ಲಿಂದ ಮತ್ತೆ ಇಳಿದಿಲ್ಲ.